ಅಜ್ಜಿ ಕೊಟ್ಟ ರೊಟ್ಟಿ

ನಮ್ಮೂರು ಮುಶಿಗೇರಿಯ ಹೆಸರು ಹುಡುಕುತ್ತಿದ್ದ ಮೊಮ್ಮಗಳು ಇವತ್ತು ಮೊಬೈಲಿನಲ್ಲಿ ಒಂದು ಹಳೆಯ ಫೋಟೊ ತೋರಿಸಿದಳು. ಅಮೆರಿಕದ ಯಾವುದೋ ಖಾಸಗಿ ಬ್ಯಾಪ್ಟಿಸ್ಟ್ ವಿಶ್ವವಿದ್ಯಾಲಯದ ಚರಿತ್ರೆಯಂತೆ. ಫೋಟೊದಲ್ಲಿ ನನ್ನ ಅಜ್ಜಿ! ಕೆಳಗೆ ಬರೆದಿದ್ದಾರೆ: ‘ಹಸಿದ ಮುದುಕಿಗೆ ಊಟ ಕೊಡುತ್ತಿರುವ ನಮ್ಮ ವಿದ್ಯಾರ್ಥಿ.’ ಓದಿ ಮೈಯೆಲ್ಲ ಉರಿಯಿತು.

ನಾನಾಗ ಲಂಗ ತೊಡುವ ಹುಡುಗಿ, ಅಲ್ಲೇ ಇದ್ದೆ. ಆ ವಿಶ್ವವಿದ್ಯಾಲಯದಿಂದ ಊರು ನೋಡಲು ಬಂದಿದ್ದ ಮೂವರು ವಿದ್ಯಾರ್ಥಿಗಳ ಜೀಪು ನಮ್ಮ ಹೊಲದ ಎರೆಮಣ್ಣಿನಲ್ಲಿ ಹೂತಿತ್ತು. ಅಪ್ಪ ಎತ್ತು ಕಟ್ಟಿ ಎಳೆಸಿದ. ಅಜ್ಜಿ ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಗುರೆಳ್ಳಿನ ಚಟ್ನಿಪುಡಿ ಹಾಕಿ, ಎಣ್ಣೆ ಬಿಟ್ಟು, ಒಬ್ಬೊಬ್ಬರ ಕೈಗಿಟ್ಟಳು.

“ತಿನ್ರಿ, ನಾಚಬ್ಯಾಡ್ರಿ. ನಮ್ಮ ಹೊಲಕ್ಕ ಬಂದು ಉಪಾಸ ಹೋದ್ರ ಹ್ಯಾಂಗ?”

ಒಬ್ಬ ಕೈಯೊಡ್ಡಿದಾಗ ಇನ್ನೊಬ್ಬ ಫೋಟೊ ಹೊಡೆದ. ಬುತ್ತಿ ಬರಿದಾಗಿತ್ತು.

“ಆಯಿ, ನಿನಗ?” ಎಂದೆ.

“ಮಂದಿ ಮುಂದ ಸುಮ್ನಿರು,” ಎಂದು ಅಜ್ಜಿ ಕಣ್ಣು ಬಿಟ್ಟಳು. ಆಮೇಲೆ ಒಂದು ತಂಬಿಗೆ ನೀರು ಕುಡಿದು ಕಳೆ ತೆಗೆಯಲು ಹೋದಳು.

ಯಾರ ಕೈ ಕೊಡುತ್ತಿದೆ, ಯಾರ ಕೈ ಇಸಿದುಕೊಳ್ಳುತ್ತಿದೆ ಎಂದು ತಿಳಿಯದವರು ಚರಿತ್ರೆ ಬರೆಯುತ್ತಾರೆ! ಅವರ ವಿಶ್ವವಿದ್ಯಾಲಯದಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರೇನು?

ಮೊಮ್ಮಗಳಿಗೆ ಹೇಳಿದೆ: “ಅವರಿಗೆ ಬರಿಯವ್ವಾ. ಆಯಿ ಅವತ್ತು ಹಸದಿದ್ದು ಖರೇ. ಆಕಿ ರೊಟ್ಟಿ ನಿಮ್ಮ ಹುಡುಗರ ಹೊಟ್ಟ್ಯಾಗಿತ್ತು ಅಂತ ಬರಿ.”