ಗುನುಗು ಹೂವೂ ನನ್ನ ಕುರ್ಚಿಗಿ ಕೈಯೂ

ನನಗೆ ಆಗ ಅರವತ್ತೆರಡು; ಇದು ನಡೆದು ಐದು ವರ್ಷವಾಯಿತು. ಅರವತ್ತೆರಡು ಅನ್ನುವುದೂ ಆಧಾರ್ ಕಾರ್ಡು ಮಾಡಿಕೊಟ್ಟವನು ನನ್ನ ಮುಖ ನೋಡಿ ಹಾಕಿದ ಅಂದಾಜು. ಅವ್ವನ ಪ್ರಕಾರ ನಾನು ಹುಟ್ಟಿದ್ದು ಜೋಳ ತೆನೆ ಬಿಡುವಾಗ. ಯಾವ ವರ್ಷದ ಜೋಳ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ವಯಸ್ಸಿನ ಮಾತು ಬಿಡಿ. ನಾನು ಹೇಳಹೊರಟಿದ್ದು ಕೈಯ ಸಂಗತಿ. ನೀವು ಗಮನಿಸಿದ್ದೀರೋ ಇಲ್ಲವೋ, ಮನುಷ್ಯ ಮೈಮರೆತು ಕೂತಾಗ ಅವನ ಕೈ ಮಾತ್ರ ತನ್ನ ಹಳೆಯ ಕಸುಬು ನಡೆಸುತ್ತಿರುತ್ತದೆ. ನನ್ನ ಮಗ ಗೌಂಡಿ, ಗೋಡೆ ಕಟ್ಟುವವನು. ಊಟಕ್ಕೆ ಕೂತರೆ ಮೊದಲು ಅನ್ನವನ್ನು ಬೆರಳಿನಿಂದ ಒತ್ತಿ ಮಟ್ಟ ಮಾಡುತ್ತಾನೆ, ಮೂಲೆ ಸರಿ ಬಂದ ಮೇಲೆ ಸಾರು ಹಾಕಿಸಿಕೊಳ್ಳುತ್ತಾನೆ. ನನ್ನ ಕೈ ಕಳೆ ಕೀಳುತ್ತದೆ. ಬಸ್ ಸ್ಟಾಪಿನ ಫರಸಿ ಕಲ್ಲಿನ ಸಂದಿಯಲ್ಲಿ ಒಂದು ಹುಲ್ಲು ಕಂಡರೂ ಬಗ್ಗುತ್ತೇನೆ. ಎಷ್ಟೋ ಸಲ ಹುಲ್ಲು ಕೈಗೆ ಬಂದಿದೆ, ಬಸ್ಸು ಹೋಗಿದೆ.

ನಾನು ರಾಯಚೂರು ಕಡೆಯವಳು. ಲಂಗ ತೊಡುವ ವಯಸ್ಸಿಗೇ ಕುರ್ಚಿಗಿ ಹಿಡಿದವಳು. ಕುರ್ಚಿಗಿ ಎಂದರೆ ಕುಕ್ಕರಗಾಲಲ್ಲಿ ಕೂತು ಹೊಲದ ಕಳೆ ಕೆದರಿ ತೆಗೆಯುವ ಸಣ್ಣ ಕಬ್ಬಿಣ. ಕಳೆಗೆ ನಮ್ಮ ಕಡೆ ಕಸ ಅನ್ನುತ್ತಾರೆ. ಒಂದೊಂದಕ್ಕೂ ಒಂದೊಂದು ಹೆಸರಿದ್ದೀತು, ಆದರೆ ಸಾಲಿನಲ್ಲಿ ಹಿಂದೆ ಬಿದ್ದರೆ ಬೈಸಿಕೊಳ್ಳುವ ಹೆಂಗಸರಿಗೆ ಹೆಸರು ಕೇಳುವ ಪುರುಸೊತ್ತು ಎಲ್ಲಿಂದ ಬರಬೇಕು. ಮದುವೆಯಾದ ಮೇಲೆ ಗಂಡನ ಹಿಂದೆ ಹೈದರಾಬಾದಿಗೆ ಬಂದು ಇಟ್ಟಿಗೆ ಹೊತ್ತೆ. ಬೇಸಿಗೆಯೆಲ್ಲ ಲಿಂಗಂಪಲ್ಲಿ ಕಡೆಯ ಕಟ್ಟಡಗಳಲ್ಲಿ, ಮಳೆ ಬಿದ್ದೊಡನೆ ಊರಿಗೆ ಹೋಗಿ ಹೊಲಗಳಲ್ಲಿ; ಹೀಗೆ ವರ್ಷಕ್ಕೆ ಎರಡು ಕಸುಬು, ಎರಡು ಊರು. ಮೊಣಕಾಲು ಕೈಕೊಟ್ಟ ಮೇಲೆ ಮಗ ನನ್ನನ್ನು ಖಾಯಂ ಆಗಿ ತನ್ನ ಹತ್ತಿರ ಕರೆಸಿಕೊಂಡ. ಅದೇ ವರ್ಷ ಅವನು ಕಟ್ಟಡದ ಶೆಡ್ಡು ಬಿಟ್ಟು ಉಪ್ಪಲ್‌ನ ಒಂದು ಗಲ್ಲಿಯಲ್ಲಿ ಖೋಲಿ ಹಿಡಿದಿದ್ದ. ಹಾಗಾಗಿ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ನಾನು ಈ ಪಟ್ಟಣದಲ್ಲಿ ಇದ್ದದ್ದು ಅದೇ ಮೊದಲು.

ಆ ಅಮಾವಾಸ್ಯೆಯಂದು ಇಲ್ಲಿ ಬತುಕಮ್ಮ ಹಬ್ಬ ಶುರು. ತಟ್ಟೆಯಲ್ಲಿ ಸುತ್ತು ಸುತ್ತಾಗಿ ಹೂ ಪೇರಿಸಿ ಗೋಪುರ ಮಾಡುತ್ತಾರೆ, ಅದೇ ದೇವಿ. ಸಂಜೆ ಅದನ್ನು ನಡುವೆ ಇಟ್ಟು ಹೆಂಗಸರು ಸುತ್ತಲೂ ಚಪ್ಪಾಳೆ ತಟ್ಟುತ್ತ ಹಾಡಿ, ಕೊನೆಗೆ ನೀರಿಗೆ ಬಿಡುತ್ತಾರೆ. ನಮ್ಮ ಶ್ರಾವಣಿಗೆ, ಅಂದರೆ ಮಗನ ಮಗಳಿಗೆ, ಆಗ ಏಳು ವರ್ಷ. ಗಲ್ಲಿಯ ಹುಡುಗಿಯರೆಲ್ಲ ಒಂದು ವಾರದಿಂದ ಆಟದ ಬತುಕಮ್ಮ ಆಡುತ್ತಿದ್ದರು. ಇವಳನ್ನು ಮಾತ್ರ ಮೆಟ್ಟಿಲ ಮೇಲೆ ಕೂರಿಸಿ, "ನೀವು ಕರ್ನಾಟಕದೋರು, ನಿಮಗ ಬತುಕಮ್ಮ ಇಲ್ಲ, ನೀನು ಅಲ್ಲೇ ಕೂತು ಚಪ್ಪಾಳಿ ಹೊಡಿ" ಅಂದಿದ್ದರು. ಇವಳು ಸುಮ್ಮನೆ ಕೇಳುವ ಪಿಂಡವಲ್ಲ. "ಅಮಾಸಿಗೆ ನಂದೂ ತರ್ತೀನಿ, ನೋಡ್ಕೋರಿ" ಎಂದು ಸವಾಲು ಹಾಕಿ ಬಂದಿದ್ದಳು. ತಂದರೆ ವರ್ತುಲದ ಒಳಗೆ, ತರದಿದ್ದರೆ ಮೆಟ್ಟಿಲು. ಒಪ್ಪಂದ ಅಷ್ಟು ಸ್ಪಷ್ಟ.

ಸೊಸೆ ಮಾದೇವಿ ನಾಲ್ಕು ಮನೆಯ ಅಡಿಗೆ ಮಾಡುವವಳು. ಹಿಂದಿನ ದಿನವೇ ಸಂತೆಯಿಂದ ಹೂವಿನ ಗಂಟು ತಂದಿದ್ದಳು. ಬೆಳಿಗ್ಗೆ ಹೊರಡುವಾಗ ಹೇಳಿದಳು: "ಅತ್ತೀ, ಹೂವಿಗೆ ಒಂದೀಟು ನೀರು ಹೊಡೀರಿ. ಸಂಜೀಕ ಬಂದು ನಾನೂ ಶ್ರಾವಣೀನೂ ಕಟ್ತೀವಿ."

ನೀರು ಹೊಡೆಯಲು ಕೂತೆ. ಕೂತದ್ದೇ ತಪ್ಪಾಯಿತು. ಗಂಟು ಬಿಚ್ಚಿದರೆ ಚೆಂಡು ಹೂ, ಹಳದಿ ತಂಗಡಿ ಹೂ, ಅವುಗಳ ನಡುವೆ ರಾಶಿ ರಾಶಿ ಕಸ! ನಮ್ಮ ಜೋಳದ ಹೊಲದಲ್ಲಿ ಜೀವಮಾನವೆಲ್ಲ ಕಿತ್ತ ಅದೇ ಕಸ, ಅದೇ ಉದ್ದ ಎಲೆ, ಅದೇ ಕೆಂಪು ಗೆರೆಯ ಕಾಂಡ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಹೂ ಮಾರಿದವನು ಎದುರಿಗಿದ್ದಿದ್ದರೆ ಅವನ ಗಡ್ಡವನ್ನೂ ಕಳೆ ಎಂದು ಕೀಳುತ್ತಿದ್ದೆ. ಪಟ್ಟಣದ ಸೊಸೆ ಪಾಪ, ಕಸ ಯಾವುದು ಹೂ ಯಾವುದು ತಿಳಿಯದೆ ಮೋಸ ಹೋಗಿದ್ದಾಳೆ ಎಂದುಕೊಂಡು, ಚೆಂಡು ಹೂವನ್ನೊಂದು ಕಡೆ, ತಂಗಡಿಯನ್ನೊಂದು ಕಡೆ ಒಪ್ಪವಾಗಿ ಜೋಡಿಸಿ, ಕಸವನ್ನೆಲ್ಲ ಒಟ್ಟು ಮಾಡಿ ಗಲ್ಲಿಯಲ್ಲಿ ಅಡ್ಡಾಡುತ್ತಿದ್ದ ಮೇಕೆಗಳ ಮುಂದೆ ಎಸೆದೆ. ಅವು ಬಹಳ ಸಂತೋಷದಿಂದ ತಿಂದವು. ನನಗೂ ಬಹಳ ದಿನದ ಮೇಲೆ ಮನೆಗೆ ಉಪಯೋಗವಾಗುವಂಥ ಕೆಲಸ ಮಾಡಿದ ಸಮಾಧಾನವಾಯಿತು.

ಮಧ್ಯಾಹ್ನ ಹುಡುಗಿ ಶಾಲೆಯಿಂದ ಬಂದವಳು ಚೀಲ ಎಸೆದು ಹೂವಿನ ಹತ್ತಿರ ಓಡಿದಳು.

"ಅಜ್ಜೀ, ಗುನುಗು ಎಲ್ಲೈತಿ?"

"ಗುನುಗು ಅಂದ್ರ ಯಾವ್ದು?"

"ಬಿಳೇದು. ಇಣಚಿ ಬಾಲ ಇದ್ದಂಗ ಇರ್ತೈತಲ್ಲ!" ಇಣಚಿ ಅಂದರೆ ಅಳಿಲು.

"ಅದು ಕಸಲೇ ಹುಚ್ಚಿ. ತೆಗೆದು ಮ್ಯಾಕಿಗೆ ಹಾಕೀನಿ."

ಅವಳು ನನ್ನನ್ನು ನೋಡಿದ ಹಾಗೆ ನನ್ನ ಅತ್ತೆಯೂ ಎಂದೂ ನೋಡಿರಲಿಲ್ಲ. ಆಮೇಲೆ ಬಾಯಿ ತೆರೆದಳು. ಆ ಸದ್ದಿಗೆ ಎದುರು ಮನೆಯ ಯಾದಮ್ಮ ಸೆರಗಿಗೆ ಕೈ ಒರೆಸುತ್ತ ಓಡಿಬಂದಳು. ಯಾದಮ್ಮ ನನ್ನ ಓರಗೆಯವಳು, ನಾಲಗೆಯಲ್ಲಿ ನನಗಿಂತ ಒಂದು ಕೈ ಮೇಲು. ಅವಳದು ತೆಲುಗು, ನನ್ನದು ಕನ್ನಡ. ಜಗಳಕ್ಕೆ ಅದು ಎಂದೂ ಅಡ್ಡ ಬಂದಿಲ್ಲ. ವಿಷಯ ತಿಳಿದು ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಗು ತಡೆಯಲಿಕ್ಕೋ ಪಾಪ ಎನ್ನಲಿಕ್ಕೋ ಗೊತ್ತಾಗಲಿಲ್ಲ.

"ಏಂದವ್ವಾ, ದೇವೀನ ಮೇಕೆಗೆ ಹಾಕಿದೆಯಾ? ಗುನುಗು ಇಲ್ಲದ ಬತುಕಮ್ಮ ಅಂದ್ರೆ ಬೋಡ ತಲೆ, ಬೋಳು ಬತುಕಮ್ಮ! ಸಂತೆಯಲ್ಲಿ ಮಧ್ಯಾಹ್ನಕ್ಕೇ ಖತಂ ಆಗಿರ್ತದೆ. ಕೂತಿದ್ದವಳು ಸುಮ್ಮನೆ ಕೂತಿರಬಾರದಾ?"

ಅವಳ ಮನೆಯದು ಆಗಲೇ ಮೊಳದೆತ್ತರ ಎದ್ದಿತ್ತು. ಪೇರಿಸಿದ ದೇವಿಯಿಂದ ಹೂ ಹಿರಿದು ಕೊಡುವಂತಿಲ್ಲ. ಹೊರಗೆ ಯಾರೋ ಹುಡುಗಿ ಆಗಲೇ "ಬೋಡ ಬತುಕಮ್ಮ, ಬೋಡ ಬತುಕಮ್ಮ" ಎಂದು ರಾಗ ಕಟ್ಟುತ್ತಿದ್ದಳು. ಶ್ರಾವಣಿ ಅಳು ನಿಲ್ಲಿಸಿದಳು. ಅದು ಅಳುವುದಕ್ಕಿಂತ ಕೆಟ್ಟದು. ಗೋಡೆಗೆ ಮುಖ ಹಾಕಿ, "ನೀ ಊರಿಗೆ ಹೋಗು" ಅಂದಳು.

ನಾನು ತಪ್ಪಾಯಿತು ಅನ್ನುವ ಹೆಂಗಸಲ್ಲ, ಮಕ್ಕಳಿಗಂತೂ ಅಂದದ್ದೇ ಇಲ್ಲ. "ಚಪ್ಪಲಿ ಹಾಕ್ಕೋ" ಅಂದೆ.

ಗುನುಗು ಎಲ್ಲಿ ಸಿಗುತ್ತದೆ ಎಂದು ಯಾದಮ್ಮ ಹೇಳಿದ್ದು ಸಂತೆ ಒಂದೇ. ಆದರೆ ಕಸ ಎಲ್ಲಿ ಹುಟ್ಟುತ್ತದೆ ಎಂದು ನನಗೆ ಗೊತ್ತು. ಇಡೀ ಜೀವಮಾನ ಒಬ್ಬನ ಮೇಲೆ ಹಗೆ ಸಾಧಿಸಿದವರಿಗೆ ಅವನು ಎಲ್ಲಿ ಮಲಗುತ್ತಾನೆ ಎಂದು ತಿಳಿದಿರುವುದಿಲ್ಲವೇ, ಹಾಗೆ. ಮೆಟ್ರೋ ಕಂಬಗಳನ್ನು ದಾಟಿದರೆ ಖಾಲಿ ಪ್ಲಾಟುಗಳ ಸಾಲು. ಮೊದಲನೆಯದಕ್ಕೆ ಹುಡುಗಿ ನುಗ್ಗಹೋದಳು, ಬೇಡವೆಂದೆ. ಅಲ್ಲಿ ಸುರಿದಿದ್ದು ಮೊರಂ ಎನ್ನುವ ಕೆಂಪು ಕಲ್ಲುಮಣ್ಣು, ಅದರಲ್ಲಿ ಕಸಕ್ಕೂ ಹೊಟ್ಟೆಗಿಲ್ಲ. ಎರಡನೆಯದರಲ್ಲಿ ಒಡೆದ ಸಿಮೆಂಟು, ಬಾಟಲಿ, ಮುಳ್ಳು. ಮೂರನೆಯದರ ಗೋಡೆ ಒಂದು ಕಡೆ ಬಿದ್ದಿತ್ತು. ಇಣುಕಿ ನೋಡಿ ಮಣ್ಣು ಮುಟ್ಟಿದೆ: ಕಪ್ಪು ಎರೆಮಣ್ಣು. ತಗ್ಗು ತುಂಬಲು ಯಾರದೋ ಹೊಲದ ಮಣ್ಣನ್ನು ಲಾರಿಯಲ್ಲಿ ತಂದು ಸುರಿದಿದ್ದಾರೆ. ಹೊಲ ಬಂದಿದ್ದರೆ ಹೊಲದ ಕಸವೂ ಬಂದಿರಲೇಬೇಕು. ಲಾರಿಯವನು ಬೀಜ ಆರಿಸಿ ಇಳಿಸುವುದಿಲ್ಲ.

ಪ್ಲಾಟಿನ ಹಿಂಭಾಗಕ್ಕೆ ಹೋದರೆ, ಲಾರಿ ಎಲ್ಲೆಲ್ಲಿ ಗುಡ್ಡೆ ಸುರಿದಿತ್ತೋ ಅಲ್ಲಲ್ಲಿ, ಎದೆಮಟ್ಟ, ಬೆಳ್ಳಗೆ.

ನಾನು ನಿಂತುಬಿಟ್ಟೆ. ನೀವು ನಂಬುವುದಿಲ್ಲ, ಅಷ್ಟು ವರ್ಷ ಅದನ್ನು ಕಿತ್ತವಳಿಗೆ ಅದರ ಹೂ ನೆಟ್ಟಗೆ ಕಂಡದ್ದು ಆವತ್ತು. ಹೂ ಬಿಟ್ಟರೆ ಬೀಜ, ಬೀಜ ಉದುರಿದರೆ ಮುಂದಿನ ವರ್ಷ ಎರಡರಷ್ಟು ಕಸ. ಹಾಗಾಗಿ ಹೂ ಬಿಡುವ ಮೊದಲೇ ಕೀಳಬೇಕು. ನನ್ನ ಸಾಲಿನಲ್ಲಿ ಒಂದು ಬೆಳ್ಳಗೆ ನಿಂತಿತೆಂದರೆ ಅದು ನನ್ನ ಮಾನ ಹೋದಂತೆ, ಎಲ್ಲರಿಗಿಂತ ಮೊದಲು ಓಡಿಹೋಗಿ ಬುಡಕ್ಕೆ ಕೈ ಹಾಕುತ್ತಿದ್ದೆ. ಈಗ ಒಂದನ್ನು ಕಣ್ಣ ಹತ್ತಿರ ಹಿಡಿದೆ. ಬುಡ ಬೆಳ್ಳಿ, ತುದಿಗೆ ತುಸು ಗುಲಾಬಿ. ಒಂದು ಹೂವಲ್ಲ, ಅಕ್ಕಿನುಚ್ಚಿನಂಥ ನೂರಾರು ಹೂ ಮೆತ್ತಿಕೊಂಡ ಒಂದು ತೆನೆ. ಉಗುರಿನಿಂದ ಬಿಡಿಸಿದರೆ ಕಾಗದದಂತೆ ಸರಸರ ಅನ್ನುತ್ತದೆ. ಒಳಗೆ ಕಪ್ಪಗೆ ಮಿರಮಿರ ಮಿಂಚುವ ಬೀಜ, ಸಾಸಿವೆಗಿಂತ ಸಣ್ಣದು. ಕಿತ್ತು ಎಷ್ಟು ಹೊತ್ತಾದರೂ ಬಾಡುವುದಿಲ್ಲ. ಹುಟ್ಟಿದಾಗಲೇ ಅರ್ಧ ಒಣಗಿದ್ದಕ್ಕೆ ಬಾಡುವ ಭಯವೆಲ್ಲಿ? ನನ್ನಂಥ ಜಾತಿಯದು ಎಂದುಕೊಂಡೆ.

"ಅಜ್ಜೀ, ಬೇರು ಯಾಕ ಕೀಳಾಕತ್ತಿ? ಹೂ ಅಷ್ಟೇ ಬೇಕು!"

ನೋಡಿದರೆ ನನ್ನ ಬಲಗೈ ಆಗಲೇ ನಾಲ್ಕು ಗಿಡವನ್ನು ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಎಡಕ್ಕೆ ಎಸೆದಿತ್ತು. ಹೂವನ್ನಷ್ಟೇ ಚಿವುಟುವುದು ಆ ಕೈಗೆ ಬರುವುದಿಲ್ಲ. ಹುಡುಗಿ ನನ್ನ ಬೆರಳು ಹಿಡಿದು, ಹೂವಿನ ಕೆಳಗೆ ಗೇಣು ಕಾಂಡ ಬಿಟ್ಟು ಉಗುರು ಒತ್ತಿ ತೋರಿಸಿದಳು. "ಹಿಂಗ. ಗೊತ್ತಾತಿಲ್ಲೋ?" ಅವಳ ಟೀಚರು ಹೀಗೇ ಕೇಳುತ್ತಿರಬೇಕು. ಗೊತ್ತಾಯಿತು ಅಂದೆ. ಐದಾರು ಸಲ ತಪ್ಪಿ, ಬೈಸಿಕೊಂಡು, ಆಮೇಲೆ ಕಲಿತೆ.

ಮನೆಗೆ ಬರುವಷ್ಟರಲ್ಲಿ ಮಾದೇವಿ ಬಂದು, ಯಾದಮ್ಮನಿಂದ ಎಲ್ಲ ಕೇಳಿಸಿಕೊಂಡು, ತುಟಿ ಬಿಗಿದು ಕೂತಿದ್ದಳು. ಹೂ ನೋಡಿ ತುಟಿ ಸಡಿಲವಾಯಿತು. ಎರಡು ಬಟ್ಟಲಲ್ಲಿ ಗುಲಾಬಿ, ನೀಲಿ ಬಣ್ಣ ಕದಡಿ, ಗುನುಗನ್ನು ಕಟ್ಟು ಕಟ್ಟಿ ತುದಿಯನ್ನಷ್ಟೇ ಅದ್ದಿದರು. ಓಹೋ, ಚಿತ್ರಗಳಲ್ಲಿ ಕಂಡಿದ್ದ ಬಣ್ಣಬಣ್ಣದ ಕುಚ್ಚು ಇದೇ! ಬಣ್ಣದ ವೇಷ ಹಾಕಿದ ಮೇಲೆ ನನ್ನ ಹಗೆಯ ಗುರುತು ನನಗೇ ಸಿಕ್ಕಿರಲಿಲ್ಲ.

ಪೇರಿಸುವುದನ್ನು ತಾಯಿ ಮಗಳು ಫೋನಿನಲ್ಲಿ ನೋಡಿ ಮಾಡುತ್ತಿದ್ದರು. ತಟ್ಟೆಗೆ ಎಲೆ ಹಾಸಿ, ಅಂಚಿಗೆ ಸುತ್ತಲೂ ಹೂ ಇಟ್ಟು, ಮೂರು ಸುತ್ತು ಏರುವಷ್ಟರಲ್ಲಿ ಒಂದು ಕಡೆ ಕುಸಿಯಿತು. ಮತ್ತೆ ಕಟ್ಟಿದರು, ಮತ್ತೆ ಕುಸಿಯಿತು. ಹೊರಗೆ ಹೊತ್ತು ಇಳಿಯುತ್ತಿತ್ತು. ಶ್ರಾವಣಿ ಎದ್ದು ಬಾಗಿಲಿಂದ ಗಲ್ಲಿಯತ್ತ ಇಣುಕಿ ಬಂದಳು.

"ಸರೀರಿ ಅತ್ಲಾಗ" ಎಂದು ನಾನು ಕೂತೆ. "ಇದು ಬಣವಿ. ಹೊಟ್ಟಿ ಖಾಲಿ ಬಿಟ್ಟು ಬರೇ ಸೀರಿ ಉಡಿಸಿದ್ರ ನಿಂದ್ರತೈತೇನು? ಮದ್ಲು ಹೊಟ್ಟಿ ತುಂಬ್ಸು."

ಜೋಳದ ಸೊಪ್ಪೆಯ ಬಣವೆ ಒಟ್ಟಿದವರಿಗೆ ಇದು ಗೊತ್ತು. ಕಾಂಡ ಒಳಮುಖ, ತಲೆ ಹೊರಮುಖ. ಪ್ರತಿ ಸುತ್ತಿಗೂ ನಡುವಿನ ತಗ್ಗನ್ನು ಚೂರುಪಾರು ಹಾಕಿ ಅಂಚಿಗಿಂತ ಒಂದು ಬೆರಳು ಎತ್ತರ ಒತ್ತಬೇಕು. ಮೇಲಿನ ಸುತ್ತು ಕೆಳಗಿನದಕ್ಕಿಂತ ಒಂದು ಬೆರಳು ಒಳಗೆ ಕೂರಬೇಕು. ನಾನು ಹೊಟ್ಟೆ ತುಂಬಿಸುತ್ತ ಹೋದೆ, ಹುಡುಗಿ ಅಂಚಿಗೆ ಹೂ ಇಡುತ್ತ ಬಂದಳು, ಒಂದು ಸುತ್ತು ಹಳದಿ, ಒಂದು ಸುತ್ತು ಗುಲಾಬಿ. "ಅಜ್ಜೀ, ದೇವೀಗೂ ಹೊಟ್ಟೀನಾಗ ಕಸ ಇರ್ತೈತೇನು?" ಎಂದು ಕೇಳಿದಳು. "ಎಲ್ಲಾರಿಗೂ ಇರ್ತೈತಿ, ಬಾಯಿ ಮುಚ್ಕೊಂಡು ಇಡು" ಅಂದೆ.

ಸಂಜೆ ಅವಳು ಗೇಣೆತ್ತರದ ಆ ಗೋಪುರವನ್ನು ತಲೆಯ ಮೇಲೆ ಹೊತ್ತು, ಉಸಿರು ಬಿಗಿಹಿಡಿದು ಗಲ್ಲಿಯ ನಡುವೆ ನಡೆದಳು. ನಾನು ಬಾಗಿಲಲ್ಲಿ ನಿಂತು, ಯಾವಾಗ ವಾಲುತ್ತದೋ ಎಂದು ನೋಡುತ್ತಿದ್ದೆ. ವಾಲಲಿಲ್ಲ. "ಬೋಡ ಬತುಕಮ್ಮ" ರಾಗ ಕಟ್ಟಿದ ಹುಡುಗಿ ಅದನ್ನು ಸುತ್ತಿ ನೋಡಿದಳು, ಬೆರಳಿನಿಂದ ತಿವಿದು ನೋಡಿದಳು, ಆಮೇಲೆ ತನ್ನದನ್ನು ತುಸು ಆಚೆ ಸರಿಸಿ ಜಾಗ ಮಾಡಿದಳು. ಅಷ್ಟೇ. ಮಕ್ಕಳಲ್ಲಿ ಸಂಧಾನಕ್ಕೆ ಮಾತು ಬೇಕಾಗುವುದಿಲ್ಲ. ಶ್ರಾವಣಿ ವರ್ತುಲದ ಒಳಗೆ ಚಪ್ಪಾಳೆ ತಟ್ಟಿದಳು, ತಪ್ಪು ತಪ್ಪಾಗಿ, ಎಲ್ಲರಿಗಿಂತ ಜೋರಾಗಿ.

ಯಾದಮ್ಮ ನನ್ನ ಹತ್ತಿರ ಬಂದು, ಇಷ್ಟು ತಾಜಾ ಗುನುಗು ಎಲ್ಲಿ ಸಿಕ್ಕಿತು ಎಂದು ಕೇಳಿದಳು. ಎಲ್ಲೋ ಸಿಕ್ಕಿತು ಅಂದೆ. ಇನ್ನೂ ಎಂಟು ದಿನದ ಹಬ್ಬ ಬಾಕಿಯಿತ್ತು, ದಿನಕ್ಕೊಂದು ಹೊಸದು ಬೇಕು. ಅಷ್ಟರಲ್ಲಿ ಹುಡುಗಿ ಅಲ್ಲಿಂದಲೇ ಕೂಗಿದಳು: "ಬಿದ್ದ ಗ್ವಾಡಿ ಪ್ಲಾಟಿನಾಗ! ನಮ್ಮಜ್ಜಿಗೆ ಎಲ್ಲಾ ಗೊತ್ತೈತಿ!" ಇಡೀ ಗಲ್ಲಿ ಕೇಳಿಸಿಕೊಂಡಿತು. ಮೊಮ್ಮಗಳ ಹೊಗಳಿಕೆಗಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಮಲಗುವ ಮುನ್ನ ಒಂದೇ ಸಂಗತಿ ತಲೆಯಲ್ಲಿ ಕೊರೆಯಿತು. ಮಲ್ಲಿಗೆಯನ್ನೋ ಸೇವಂತಿಗೆಯನ್ನೋ ದೇವರಿಗೆ ಏರಿಸುವುದು ಸರಿ. ಅವು ಹುಟ್ಟಿನಿಂದಲೇ ಮರ್ಯಾದಸ್ಥ ಹೂ. ಈ ಕಸವನ್ನು ಮೊದಲು ನೋಡಿ, ಇದೇ ದೇವರು ಎಂದವಳು ಯಾರು? ಹೊಲವಿಲ್ಲದವಳೇ ಇರಬೇಕು, ಹೊಲವಿದ್ದವಳಿಗೆ ಇದನ್ನು ಕಂಡರೆ ಮೈ ಉರಿಯುತ್ತದೆ. ಅಥವಾ ಕಿತ್ತು ಕಿತ್ತು ಸಾಕಾದವಳೇ ಒಂದು ದಿನ, ಈ ಪೀಡೆ ಹೋಗುವುದಂತೂ ಇಲ್ಲ, ಕೈಯಾದರೂ ಮುಗಿಯೋಣ ಎಂದಳೋ. ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.

ಮರುದಿನ ಬೆಳಿಗ್ಗೆ, ಗಲ್ಲಿ ಏಳುವ ಮೊದಲೇ ಒಳ್ಳೊಳ್ಳೆಯ ಹೂವೆಲ್ಲ ಚಿವುಟಿ ತಂದುಬಿಡಬೇಕೆಂದು ಚೀಲ ಹಿಡಿದು ಆ ಪ್ಲಾಟಿಗೆ ಹೋದೆ. ನನಗಿಂತ ಮೊದಲು ಯಾದಮ್ಮ ಬಂದಿದ್ದಳು. ಸೀರೆಯ ನೆರಿಗೆ ಎತ್ತಿ ಕಚ್ಚೆ ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಏಳದೆಯೇ ಪಕ್ಕಕ್ಕೆ ಪಕ್ಕಕ್ಕೆ ಸರಿಯುತ್ತ ಹೋಗುತ್ತಿದ್ದಳು. ಹಾಗೆ ಸರಿಯುವುದನ್ನು ಯಾರೂ ಸಂತೆಯಲ್ಲಿ ಕಲಿಯುವುದಿಲ್ಲ. "ಯಾವ ಊರಿನ ಹೊಲದಾಗ ಕಸ ತೆಗೀತಿದ್ದೆ?" ಎಂದು ಕೇಳಿದೆ. ಅವಳು ತಲೆಯೆತ್ತದೆ, "ನಲ್ಗೊಂಡ ಕಡೆ. ಮದುವೆ ಆಗೋವರೆಗೂ ಇದೇ ಗುನುಗು ಕಿತ್ತೆ, ಸಂಜೆ ಇದನ್ನೇ ಮುಡಿಯಲ್ಲಿ ಇಟ್ಟುಕೊಂಡು ಮನೆಗೆ ಹೋಗ್ತಿದ್ದೆ. ಮತ್ತೇನು ಸಿಗ್ತಿತ್ತು ನಮಗೆ?" ಅಂದಳು. ಆಮೇಲೆ ಎಡಕ್ಕೆ ಸರಿದು ಜಾಗ ಬಿಟ್ಟಳು. ನಾನು ಚೀಲ ಸೊಂಟಕ್ಕೆ ಕಟ್ಟಿ, ಮೊಣಕಾಲನ್ನು ಬೈದು, ಅವಳ ಪಕ್ಕದ ಸಾಲು ಹಿಡಿದು ಕೂತೆ.