ಫ್ಯಾನಿಗೆ ಸಿಕ್ಕ ಸೇವಂತಿಗೆ

ಸ್ನೇಹಿತರೇ, ಇವತ್ತು ಮಾವಳ್ಳಿಯಲ್ಲಿ ನನ್ನ ಮರ್ಯಾದೆ ಹೋಗಿ ವಾಪಸ್ ಬಂತು. ನನಗೆ ವಿಜ್ಞಾನ ಕಲಿಸಿದ ಮಾಸ್ತರರ ಟಿವಿಗೆ, ನೆಟ್ಟಿನ ವಿಡಿಯೋ ನೋಡಲೆಂದು ನಾನು ಜೋಡಿಸಿಕೊಟ್ಟ ಪುಟ್ಟ ಕಂಪ್ಯೂಟರ್ ಹಬ್ಬದ ನೆಂಟರೆದುರೇ ಮತ್ತೆ ಮತ್ತೆ ಆರುತ್ತಿತ್ತು.

“ಎಂತದಾ ಇದು? ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಲಿ ಮಾಡ್ಸಿದ್ದೇ ನನ್ ತಪ್ಪು!” ಎಂದರು ಮಾಸ್ತರರು.

ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ನಿನ್ನೆಯ ಆಯುಧಪೂಜೆಯ ಸೇವಂತಿಗೆ ಎಸಳು, ಕುಂಕುಮ ಎಲ್ಲ ಒಳಗಿಳಿದು, ಬಿಸಿ ಹೊರಹಾಕುವ ಫ್ಯಾನ್ ನಿಂತುಹೋಗಿತ್ತು. ಮಾಸ್ತರರು ಬಗ್ಗಿ ನೋಡಿ ನನ್ನ ಕಿವಿಯಲ್ಲಿ, “ವೈರಸ್ ಅಂದ್ಬಿಡು, ಆತಾ?” ಎಂದರು.

“ವೈರಸ್ ಅಲ್ಲ ಸರ್, ನೀವು ಏರಿಸಿದ ಹೂವು” ಎಂದೆ, ಎಲ್ಲರಿಗೂ ಕೇಳುವಂತೆ.

ಎಸಳು ಹೆಕ್ಕಿ, ಕುಂಕುಮ ಒರೆಸಿದ ಮೇಲೆ ಫ್ಯಾನ್ ತಿರುಗಿತು. ವಿಡಿಯೋ ಕುಂಟುತ್ತಾ ಓಡಿತು. ಚಹಾ ಮಾತ್ರ ಬರಲಿಲ್ಲ.

ಗಾಳಿಯಾಡದಿದ್ದರೆ ಬಿಸಿ ಹೊರಹೋಗದು ಎಂದು ಎಂಟನೇ ಕ್ಲಾಸಿನಲ್ಲಿ ಕಲಿಸಿದ್ದು ಅವರೇ. ಶಾಲೆ ಬಿಟ್ಟದ್ದು ನಾನು, ಪಾಠ ಮರೆತದ್ದು ಅವರು.