ಗೊಂಬೆಯೊಳಗಿನ ಆಂಜಿನಮ್ಮ

ಮಂಡಿಕಲ್ ಕಡೆಯ ಗಾರುಡಿ ಗೊಂಬೆ ಎಂದರೆ ಜನ ಬಯ್ಯಪ್ಪನ ಹೆಸರು ಹೇಳುತ್ತಾರೆ. ಹೇಳಲಿ, ಊರ ಬಾಯಿಗೆ ಬೀಗ ಹಾಕಲಾದೀತೇ? ಹನ್ನೊಂದು ವರ್ಷದಿಂದ ಆ ಗೊಂಬೆಯನ್ನು ಹೊತ್ತು ಕುಣಿಯುತ್ತಿರುವವಳು ಅವನ ಹೆಂಡತಿ ಆಂಜಿನಮ್ಮ.

ಬಯ್ಯಪ್ಪನ ಮೊಣಕಾಲು ಕೈಕೊಟ್ಟ ವರ್ಷ, ಒಪ್ಪಿಕೊಂಡ ಕುಣಿತಕ್ಕೆ ಬೇರೆ ಆಳು ಸಿಗಲಿಲ್ಲ. "ಒಳಗಿರೋರು ಯಾರ್ಗೆ ಕಾಣ್ತಾರೆ, ನೀನೇ ಹೊತ್ಕೊ," ಎಂದ. ಬಿದಿರಿನ ಚೌಕಟ್ಟಿಗೆ ಬಟ್ಟೆ ತೊಡಿಸಿ, ಮೇಲೆ ಮೀಸೆಯ ತಲೆ ಕೂರಿಸಿದ ಹತ್ತಡಿ ಗೊಂಬೆ ಅದು. ಇಬ್ಬರು ಎತ್ತಿ ಹೆಗಲಿಗೆ ಇಳಿಸಬೇಕು, ಇಬ್ಬರು ಎತ್ತಿಯೇ ತೆಗೆಯಬೇಕು. ಗೊಂಬೆಯ ಹೊಟ್ಟೆಯ ಹತ್ತಿರ ಅಂಗೈಯಗಲದ ಕಿಂಡಿ. ಆಂಜಿನಮ್ಮ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳನ್ನೆಲ್ಲ ನೋಡಿದ್ದು ಅದರಲ್ಲೇ. ಒಳಗಿದ್ದಾಗ ಬಾಯಿ ಬಿಡಬಾರದು, ಬಿಟ್ಟರೆ ಗೊಂಬೆಯ ಜೀವ ಹೋಗುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದಳು.

ಕುಣಿತ ಮುಗಿದ ಮೇಲೆ ಪೇಟ ಸುತ್ತಿಕೊಂಡು ಮುಂದೆ ಬಂದು ಕೈಮುಗಿಯುವವನು ಮಾತ್ರ ಬಯ್ಯಪ್ಪ. ಶಾಲು ಅವನಿಗೆ, ಹಾರ ಅವನಿಗೆ, ಕಲಾವಿದನ ಗುರುತಿನ ಚೀಟಿಯೂ ಅವನಿಗೇ. ಇವಳಿಗೆ ಸಿಕ್ಕಿದ್ದು ಜಡ್ಡುಗಟ್ಟಿದ ಹೆಗಲು.

ಹೊಟ್ಟೆ ಉರಿಯದೆ ಇರುತ್ತದೆಯೇ? ಈ ವರ್ಷ ತನ್ನ ಹೆಸರಿಗೂ ಒಂದು ಚೀಟಿ ಬೇಕೆಂದು ಅರ್ಜಿ ಹಾಕಿದಳು. ಚಿಕ್ಕಬಳ್ಳಾಪುರದಲ್ಲಿ ಸಂದರ್ಶನ, ವೇಷ ಸಮೇತ ಹಾಜರಾಗಬೇಕೆಂದು ಕಾಗದ ಬಂತು.

"ನನ್ ಹೆಸ್ರು ಕೂಗಿದಾಗ, ಒಳಗಿರೋಳು ಇವಳೇ ಅಂತ ಹೇಳ್ಬಿಡು. ಅಷ್ಟೇ ಸಾಕು," ಎಂದು ಗಂಡನಿಗೆ ಹೇಳಿದಳು.

"ಹೇಳ್ತೀನಿ ಬಾರಮ್ಮಿ," ಎಂದ ಬಯ್ಯಪ್ಪ.

ಆ ದಿನ ಕಚೇರಿಯ ಗೇಟಿನ ಹೊರಗೇ ಬಯ್ಯಪ್ಪ, ಆಟೋದವನು ಇಬ್ಬರೂ ಸೇರಿ ಗೊಂಬೆಯನ್ನು ಅವಳ ಹೆಗಲಿಗೆ ಇಳಿಸಿದರು. ಆಟೋದವನು ಹೊರಟುಹೋದ. ಅಂಗಳಕ್ಕೆ ಬಂದಾಗ ಕಿಂಡಿಯಲ್ಲಿ ಒಂದು ಮೇಜು, ಅದರ ಹಿಂದೆ ಅಧಿಕಾರಿ, ಸುತ್ತ ಸಂದರ್ಶನಕ್ಕೆ ಬಂದ ಬೇರೆ ಕಲಾವಿದರು ಕಂಡರು. ಅಧಿಕಾರಿ ಬಯ್ಯಪ್ಪನ ಗುರುತು ಹಿಡಿದರು.

"ಓ, ಗೊಂಬೆ ಬಯ್ಯಪ್ಪನವ್ರು. ಹೋದ್ವರ್ಷ ನಿಮ್ಮ ಕುಣಿತ ನೋಡಿ ನಾನೇ ಅಲ್ವಾ ಶಾಲು ಹೊದಿಸಿದ್ದು?"

"ಹೌದು ಸಾರ್," ಎಂದ ಬಯ್ಯಪ್ಪ.

ಒಳಗಿದ್ದ ಆಂಜಿನಮ್ಮನಿಗೆ ಅದು ಕೇಳಿಸಿತು. ಹೌದು ಎಂದವನು ಇನ್ನು ನಿಜ ಹೇಳುವುದು ಹೇಗೆ?

ಅವಳ ಹೆಸರು ಕೂಗಿದರು. ಗೊಂಬೆ ಸಮೇತ ಒಂದು ಹೆಜ್ಜೆ ಮುಂದಿಟ್ಟಳು. ಎಲ್ಲರೂ ಕತ್ತೆತ್ತಿ ಮೀಸೆ ನೋಡಿದರು. ಬಯ್ಯಪ್ಪ ತನ್ನ ಚಪ್ಪಲಿ ನೋಡುತ್ತ ನಿಂತ. ಇನ್ನೊಮ್ಮೆ ಕೂಗಿದರು. ಹೇಳಯ್ಯ, ಈಗಲಾದರೂ ಹೇಳು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಮೂರನೆಯ ಸಲ ಕೂಗಿ ಅಧಿಕಾರಿ, "ಬಂದಿಲ್ಲ ಅಂತ ಬರ್ಕೊಳ್ಳಿ," ಎಂದರು.

ಆಗ ಆಂಜಿನಮ್ಮ ಬಾಯಿ ಬಿಟ್ಟಳು. "ಬಂದಿದೀನಿ ಸಾರ್. ಇಲ್ಲೇ ಒಳಗಿದೀನಿ. ಯಾರಾದ್ರೂ ನನ್ನ ಈಚೆಗೆ ತೆಗೀರಪ್ಪ."

ಮೀಸೆಯ ಗೊಂಬೆಯಿಂದ ಹೆಣ್ಣಿನ ದನಿ ಬಂದದ್ದೇ ತಡ, ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. "ಭಲೇ ಬಯ್ಯಪ್ಪ, ಒಳಗಿನ ಹುಡುಗನ ಕೈಲಿ ಹೆಣ್ಣಿನ ಮಾತೂ ಆಡಿಸ್ತೀರಲ್ರೀ," ಎಂದು ಅಧಿಕಾರಿಯೇ ಮೊದಲು ಚಪ್ಪಾಳೆ ತಟ್ಟಿದರು.

ಕಿಂಡಿಯ ತುಂಬ ಗಂಡನ ಬೆನ್ನು ಕಂಡಿತು. ಚಪ್ಪಾಳೆ ಕಿವಿಗೆ ಬಿದ್ದೊಡನೆ ಅವನು ಎಂದಿನ ಅಭ್ಯಾಸದಂತೆ ಗೊಂಬೆಯ ಮುಂದೆ ಬಂದು ನಿಂತು, ಕೈಮುಗಿದಿದ್ದ.